ಅಕ್ಕನ ಬಯಾಪ್ಸಿ ರಿಪೋರ್ಟ್‌ನಲ್ಲಿ ಪಿ16, ಕಿ-67 ಅಂತಿದೆ, ಇದು ಕ್ಯಾನ್ಸರಾ?

ಮೈಸೂರು_ತಂಗಿ:
ಅಕ್ಕನಿಗೆ 38 ವರ್ಷ. ಪ್ಯಾಪ್ ಟೆಸ್ಟ್‌ನಲ್ಲಿ ಸಂದೇಹ ಬಂತು ಅಂತ ಗರ್ಭಕೋಶದ ಬಾಯಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದರು. ‘ಸಿಐಎನ್ 2, ಪಿ16 ಪಾಸಿಟಿವ್, ಕಿ-67 ಮೇಲಿನ ಪದರಗಳಲ್ಲೂ ಇದೆ’ ಅಂತ ಬಂದಿದೆ. ಎಚ್‌ಪಿವಿ 16 ಅನ್ನೋ ವೈರಸ್ ಕೂಡ ಇದೆಯಂತೆ. ಡಾಕ್ಟರ್ ಸಿಗೋದು ಸೋಮವಾರ, ಅಕ್ಕ ಎರಡು ದಿನದಿಂದ ನಿದ್ದೆ ಮಾಡಿಲ್ಲ. ವೈರಸ್ ಅಂದ್ರೆ ಬಂದು ಹೋಗುತ್ತೆ ಅಲ್ವಾ? ಜೀವಕೋಶ ಬೆಳೆಯೋದಕ್ಕೂ ಅದಕ್ಕೂ ಏನು ಸಂಬಂಧ?

ಲ್ಯಾಬ್_ಕೆಲಸ:
ಮೊದಲು ಅಕ್ಕನಿಗೆ ಇದನ್ನು ಹೇಳಿ: ಸಿಐಎನ್ 2 ಕ್ಯಾನ್ಸರ್ ಅಲ್ಲ. ಸಿಐಎನ್ ಅಂದರೆ ಗರ್ಭಕೋಶದ ಬಾಯಿಯ ಮೇಲ್ಪದರದ ಕೋಶಗಳು ಕೆಟ್ಟಿರೋದು, ಎಷ್ಟು ಕೆಟ್ಟಿವೆ ಅನ್ನೋದಕ್ಕೆ 1ರಿಂದ 3ರವರೆಗೆ ಅಂಕಿ. ಕೆಟ್ಟ ಕೋಶಗಳು ತಳದ ಪೊರೆ ದಾಟಿ ಒಳಗೆ ಇಳಿದರೆ ಮಾತ್ರ ಅದು ಕ್ಯಾನ್ಸರ್.

ಆ ಜಾಗದ ಚರ್ಮ ಪದರ ಪದರವಾಗಿರುತ್ತೆ. ಹೊಸ ಕೋಶ ಹುಟ್ಟೋದು ತಳದಲ್ಲಿ, ಮೇಲೆ ಬರುತ್ತಾ ಬರುತ್ತಾ ಅವು ಎರಡಾಗೋದನ್ನು ನಿಲ್ಲಿಸಿ ಕೊನೆಗೆ ಉದುರುತ್ತವೆ. ಎಚ್‌ಪಿವಿ ಕಣ್ಣಿಗೆ ಕಾಣದ ಸಣ್ಣ ಗಾಯದಿಂದ ತಳಕ್ಕೆ ಸೇರುತ್ತೆ. ಅದಕ್ಕೆ ತನ್ನ ನಕಲು ಮಾಡಿಕೊಳ್ಳೋಕೆ ಬೇಕಾದ ಸಲಕರಣೆ ಎಲ್ಲ ಇಲ್ಲ, ನಮ್ಮ ಕೋಶ ಎರಡಾಗುವಾಗ ಬಳಸೋದನ್ನೇ ಬಳಸಬೇಕು, ಹಾಗಾಗಿ ನಿಲ್ಲಬೇಕಾದ ಕೋಶವನ್ನೂ ನಿಲ್ಲೋಕೆ ಬಿಡೋದಿಲ್ಲ. ಇ7 ಅನ್ನೋ ಪ್ರೋಟೀನ್ ಆರ್‌ಬಿ ಎಂಬ ಬ್ರೇಕನ್ನು ಹಿಡಿದು ಕೆಡಿಸುತ್ತೆ. ಇ6 ಪಿ53ಯನ್ನು ನಾಶ ಮಾಡುತ್ತೆ. ಡಿಎನ್ಎ ಹಾಳಾದ ಕೋಶವನ್ನು ತಡೆದು ನಿಲ್ಲಿಸೋದೇ ಈ ಪಿ53.

ಆರ್‌ಬಿ ಕೆಟ್ಟಾಗ ಕೋಶ, ಎರಡಾಗೋದನ್ನು ತಡೆಯುವ ಪಿ16 ಅನ್ನೋ ಪ್ರೋಟೀನನ್ನು ರಾಶಿ ರಾಶಿ ತಯಾರಿಸುತ್ತೆ. ಆದರೆ ಪಿ16 ಕೆಲಸ ಮಾಡೋದೇ ಆರ್‌ಬಿ ಮೂಲಕ, ಅದೇ ಇಲ್ಲದ ಮೇಲೆ ಏನು ಪ್ರಯೋಜನ? ಕಿ-67 ಅನ್ನೋ ಪ್ರೋಟೀನ್ ಎರಡಾಗೋಕೆ ಹೊರಟ ಕೋಶಗಳಲ್ಲಿ ಕಾಣುತ್ತೆ. ಆರೋಗ್ಯವಾಗಿದ್ದರೆ ಅದು ತಳದ ಹತ್ತಿರವೇ ಇರಬೇಕು. ಮೇಲಿನವರೆಗೂ ಇದೆ ಅಂದರೆ ನಿಲ್ಲಬೇಕಾದವು ನಿಂತಿಲ್ಲ ಅಂತ.

ಹಾಸನದ_ಹುಡುಗಿ:
ನನಗೆ ಸಿಐಎನ್ 3 ಇತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕರೆಂಟ್ ಹರಿಯುವ ತಂತಿಯ ಸಣ್ಣ ಕುಣಿಕೆಯಿಂದ ಆ ಭಾಗ ತೆಗೆದರು. ಲೀಪ್ ಅಂತಾರೆ. ಸಂಜೆಗೆ ಮನೆಗೆ ಬಂದೆ. ನನಗೆ ಅದಕ್ಕಿಂತ ನೋವಾಗಿದ್ದು ಮನೆಯವರ ‘ಯಾರಿಂದ ಬಂತು’ ಅನ್ನೋ ಮಾತು. ದಯವಿಟ್ಟು ಅಕ್ಕನಿಗೆ ಆ ಪ್ರಶ್ನೆ ಯಾರೂ ಕೇಳದ ಹಾಗೆ ನೋಡಿಕೊಳ್ಳಿ. ಲೈಂಗಿಕ ಜೀವನ ಇರುವ ಹೆಚ್ಚಿನ ಗಂಡಸರು ಹೆಂಗಸರಿಗೆಲ್ಲ ಯಾವಾಗಲಾದರೂ ಎಚ್‌ಪಿವಿ ಬಂದೇ ಇರುತ್ತೆ, ವರ್ಷಗಳ ಹಿಂದೆ ಬಂದದ್ದೂ ಇರಬಹುದು.

ಬಯಾಲಜಿ_ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ. ಹೆಚ್ಚಿನ ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತೆ. ಉಳಿದುಕೊಂಡರೆ ತೊಂದರೆ. ಆಗ ಕೆಲವು ಸಲ ವೈರಸ್ ಡಿಎನ್ಎ ನಮ್ಮ ಡಿಎನ್ಎಗೇ ಸೇರಿಕೊಳ್ಳುತ್ತೆ, ಆ ಗಡಿಬಿಡಿಯಲ್ಲಿ ಇ6, ಇ7 ಅನ್ನು ಹಿಡಿತದಲ್ಲಿಡುವ ಇ2 ಜೀನ್ ಮುರಿದುಹೋಗುತ್ತೆ. ಎಚ್‌ಪಿವಿ 16 ಅನ್ನು 1983ರಲ್ಲಿ ಗುರುತಿಸಿದ್ದು ಜರ್ಮನಿಯ ಹರಾಲ್ಡ್ ತ್ಸೂರ್ ಹೌಸನ್ ತಂಡ, ಅವರಿಗೆ 2008ರಲ್ಲಿ ನೊಬೆಲ್ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಸುಮಾರು 70% ಬರೋದು ಎಚ್‌ಪಿವಿ 16 ಮತ್ತು 18ರಿಂದ. ಹಾಗಾಗಿ ಸೋಮವಾರದ ಭೇಟಿ ಮಾತ್ರ ಮುಂದೂಡಬೇಡಿ.

ಮೈಸೂರು_ತಂಗಿ:
ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ‘ಪೊರೆ ದಾಟಿಲ್ಲ ತಾನೇ’ ಅಂತ ಎರಡು ಸಲ ಕೇಳಿದಳು. ಈಗ ಮಲಗಿದ್ದಾಳೆ. ಅವಳ ಮಗಳಿಗೆ 11 ವರ್ಷ, ಎಚ್‌ಪಿವಿ ಲಸಿಕೆ ಬಗ್ಗೆ ಕೇಳೋಕೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.