ದೊಡ್ಡಪ್ಪನ ಲ್ಯಾಪ್‌ಟಾಪ್ ತೆರೆಯುತ್ತಿಲ್ಲ: ಮನೆಯವರ ಗುಂಪಿನ ಚರ್ಚೆ

ಶೇಖರ ಮಾವ (ಫಾರ್ವರ್ಡ್): ಅಡ್ಮಿನ್ ಪಾಸ್‌ವರ್ಡ್ ಮರೆತಿರಾ? ಚಿಂತೆ ಬೇಡ! ಯಾವುದೇ ವಿಂಡೋಸ್ ಕಂಪ್ಯೂಟರ್ 5 ನಿಮಿಷದಲ್ಲಿ ತೆರೆಯಿರಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಕಂಪ್ಯೂಟರ್ ಶುರು ಮಾಡಿ), ಒಂದು ಫೈಲ್ ಬದಲಿಸಿ, ಶಿಫ್ಟ್ ಕೀ 5 ಸಲ ಒತ್ತಿ. ಟೂಲ್ ಬೇಕಿದ್ದರೆ ಕೆಳಗಿನ ಲಿಂಕ್. ಎಲ್ಲರಿಗೂ ಕಳಿಸಿ.

ಶೇಖರ ಮಾವ: ಭಾವ, ನಿಮ್ಮ ಲ್ಯಾಪ್‌ಟಾಪ್‌ಗೆ ಇದೇ ದಾರಿ. ನೋಡಿ.

ದೊಡ್ಡಪ್ಪ: ಒಳ್ಳೇದಾಯ್ತು. ಸಂಜೆ ಕೂತು ಮಾಡುತ್ತೇನೆ. ಮನೆ ಪತ್ರಗಳು, ಅಮ್ಮನ ಹಳೇ ಫೋಟೋಗಳು ಎಲ್ಲ ಅದರಲ್ಲೇ ಇವೆ.

ರಮ್ಯ: ದೊಡ್ಡಪ್ಪ, ದಯವಿಟ್ಟು ಈಗಲೇ ಏನೂ ಮಾಡಬೇಡಿ. ಮಾವ, ಆ ಲಿಂಕ್ ಅಳಿಸಿಬಿಡಿ.

ಶೇಖರ ಮಾವ: ಯಾಕಮ್ಮ, ಸುಳ್ಳಾ ಇದು? ನಮ್ಮ ಹಳೇ ಡೆಸ್ಕ್‌ಟಾಪ್ ಹೀಗೇ ತೆರೆದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ರಮ್ಯ: ಸುಳ್ಳಲ್ಲ ಮಾವ. ಶಿಫ್ಟ್ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಅನ್ನೋ ಪ್ರೋಗ್ರಾಂ ಲಾಗಿನ್ ಪರದೆಯಲ್ಲೂ ಏಳುತ್ತದೆ. ಅದರ ಜಾಗದಲ್ಲಿ ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ಕೂರಿಸಿದರೆ ಪಾಸ್‌ವರ್ಡ್ ಬದಲಿಸಬಹುದು. ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುಪ್ತರೂಪ) ಇರುವ ಸ್ಯಾಮ್ ಅನ್ನೋ ವಿಂಡೋಸ್ ಫೈಲನ್ನೇ ನೇರವಾಗಿ ತಿದ್ದುವ ಟೂಲ್‌ಗಳು 1990ರ ದಶಕದಿಂದಲೂ ಇವೆ. ಆದರೆ ಇದೆಲ್ಲ ನಡೆಯೋದು ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿರದಿದ್ದರೆ ಮಾತ್ರ. ಈಗಿನ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಕೂಡ ಈ ಬದಲಾವಣೆಯನ್ನು ಹಿಡಿಯುತ್ತದೆ.

ಕಿರಣ: ಎನ್‌ಕ್ರಿಪ್ಷನ್ ನಾವು ಯಾರೂ ಆನ್ ಮಾಡಿಲ್ಲವಲ್ಲ ರಮ್ಯ. ಅಪ್ಪನಿಗೆ ಆ ಪದವೇ ಗೊತ್ತಿಲ್ಲ.

ರಮ್ಯ: ಆನ್ ಮಾಡಬೇಕಾಗಿಯೇ ಇಲ್ಲ ಕಿರಣಣ್ಣ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿ ಆನ್ ಆಗುತ್ತದೆ. 2024ರ ವಿಂಡೋಸ್ 11 ಆವೃತ್ತಿಯಿಂದ ಇದು ಇನ್ನೂ ಜಾಸ್ತಿ. ಆಗ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಬೀಗ ಹಾಕಿದ ಡಿಸ್ಕ್ ಕಾಣುತ್ತದೆ, ಫೈಲ್ ಕಾಣಲ್ಲ. ಟೂಲ್ ಓಡಲಿ ಅಂತ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟಿಂಗ್‌ನಲ್ಲಿ) ಸೆಕ್ಯೂರ್ ಬೂಟ್ ಅನ್ನೋ ರಕ್ಷಣೆ ಆಫ್ ಮಾಡಿದರೆ ಇನ್ನೂ ಕಷ್ಟ. ಮುಂದಿನ ಸಲ ಲ್ಯಾಪ್‌ಟಾಪ್ ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ರಿಕವರಿ ಕೀ ಕೇಳಬಹುದು. ಈಗ ದೊಡ್ಡಪ್ಪನಿಗೆ ಪಾಸ್‌ವರ್ಡ್ ಒಂದೇ ಇಲ್ಲ. ಆಮೇಲೆ ಕೀ ಕೂಡ ಹುಡುಕಬೇಕು.

ಲಲಿತಾ ಅತ್ತೆ: ಇದು ಯಾವ ನ್ಯಾಯ? ಅಣ್ಣನ ಲ್ಯಾಪ್‌ಟಾಪ್, ಅಣ್ಣನ ಫೋಟೋ. ಅಣ್ಣನಿಗೇ ಹೇಳದೆ ಬೀಗ ಹಾಕೋದಾ?

ರಮ್ಯ: ಅತ್ತೆ, ಲ್ಯಾಪ್‌ಟಾಪ್ ಕಳುವಾದರೆ? ಮಾವ ಕಳಿಸಿದ 5 ನಿಮಿಷದ ದಾರಿ ಕಳ್ಳನಿಗೂ ಗೊತ್ತಿರುತ್ತದೆ. ಎನ್‌ಕ್ರಿಪ್ಷನ್ ಇಲ್ಲದ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿದರೆ ಪಾಸ್‌ವರ್ಡ್ ಇದ್ದೂ ಇಲ್ಲದ ಹಾಗೆ. ಮನೆ ಪತ್ರ, ಬ್ಯಾಂಕ್ ಕಾಗದ ಎಲ್ಲ ಓದಬಹುದು.

ಶೇಖರ ಮಾವ: ಒಪ್ಪಿದೆ. ಆದರೆ ಕಳುವಾಗೋದು ಎಷ್ಟು ಜನರದ್ದು, ಪಾಸ್‌ವರ್ಡ್ ಮರೆಯೋದು ಎಷ್ಟು ಜನ? ನಮ್ಮ ವಯಸ್ಸಿನವರಿಗೆ ಮರೆವೇ ದೊಡ್ಡ ಕಳ್ಳ. ಕೀ ಎಲ್ಲಿದೆ ಅಂತ ಒಂದು ಮಾತು ಹೇಳದೆ ಬೀಗ ಹಾಕಿದರೆ ಅದು ರಕ್ಷಣೆ ಹೇಗಾಗುತ್ತದೆ?

ರಮ್ಯ: ಈ ಮಾತು ನೂರಕ್ಕೆ ನೂರು ಸರಿ ಮಾವ. ಕೀಯನ್ನು ಕಾಗದದ ಮೇಲೆ ಬರೆದಿಡಿ ಅಂತ ಮೊದಲ ದಿನವೇ ದೊಡ್ಡದಾಗಿ ಹೇಳಬೇಕಿತ್ತು. ನನಗೂ ಅದೇ ಸಿಟ್ಟು. ಆದರೆ ಅದಕ್ಕೆ ಉತ್ತರ ಯಾರೋ ಕೊಟ್ಟ ಲಿಂಕ್ ಅಲ್ಲ. ಆ ಟೂಲ್ ಡಿಸ್ಕಿನ ಒಳಗೇ ಕೈ ಹಾಕುತ್ತದೆ. ಮಾಡಿದವರು ಯಾರು, ಒಳಗೆ ಇನ್ನೇನು ಸೇರಿಸಿದ್ದಾರೆ ಅಂತ ನಮಗೆ ಗೊತ್ತಾಗಲ್ಲ.

ಕಿರಣ: ಎನ್‌ಕ್ರಿಪ್ಷನ್ ಇಲ್ಲ ಅಂತಿಟ್ಟುಕೋ. ಆಗ ಈ ಉಪಾಯ ಮಾಡಿದರೆ ತೊಂದರೆ ಏನು?

ರಮ್ಯ: ಆಗಲೂ ಮೊದಲು ಫೈಲ್ ಕಾಪಿ ಮಾಡಿಕೊಳ್ಳಬೇಕು. ಲಿನಕ್ಸ್ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಸಾಕು, ಪಾಸ್‌ವರ್ಡ್ ಮುಟ್ಟುವ ಅಗತ್ಯವೇ ಇಲ್ಲ. ಯಾಕೆಂದರೆ ಲೋಕಲ್ ಅಕೌಂಟಿನ (ಇಮೇಲ್ ಇಲ್ಲದೆ ಆ ಕಂಪ್ಯೂಟರ್‌ನಲ್ಲಷ್ಟೇ ಇರುವ ಅಕೌಂಟಿನ) ಪಾಸ್‌ವರ್ಡನ್ನು ಹೊರಗಿನಿಂದ ಬಲವಂತವಾಗಿ ಬದಲಿಸಿದರೆ ಹಳೇ ಪಾಸ್‌ವರ್ಡ್ ನಂಬಿಕೊಂಡಿದ್ದ ಬೇರೆ ಬೀಗಗಳು ತೆರೆಯಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೋಗಬಹುದು. ವಿಂಡೋಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್ ಇದ್ದರೆ ಅದೂ ಹೋಗುತ್ತದೆ. ಲಾಗಿನ್ ಆಯಿತು ಅಂತ ಖುಷಿಪಟ್ಟ ಮೇಲೆ ಇದು ಗೊತ್ತಾಗುತ್ತದೆ.

ದೊಡ್ಡಪ್ಪ: ಅಷ್ಟೆಲ್ಲ ನನಗೆ ಅರ್ಥವಾಗಲ್ಲ ಮಗಳೇ. ಫೋಟೋ ಸಿಗುತ್ತವೋ ಇಲ್ಲವೋ, ಅದು ಹೇಳು.

ರಮ್ಯ: ಸಿಗುವ ಸಾಧ್ಯತೆ ಚೆನ್ನಾಗಿದೆ ದೊಡ್ಡಪ್ಪ. ಒಂದೇ ಪ್ರಶ್ನೆ. ಲ್ಯಾಪ್‌ಟಾಪ್ ಹೊಸದಾಗಿ ತಂದಾಗ ಇಮೇಲ್ ಕೇಳಿತ್ತಾ? ಅಥವಾ ಸುಮ್ನೆ ಹೆಸರು, ಪಾಸ್‌ವರ್ಡ್ ಅಷ್ಟೇ ಹಾಕಿದ್ದಾ?

ಕಿರಣ: ಸೆಟಪ್ ಮಾಡಿದ್ದು ನಾನೇ. ಅಪ್ಪನ ಇಮೇಲ್ ಕೊಟ್ಟಿದ್ದೆ. ಓಟಿಪಿ ಬರೋದಕ್ಕೆ ನನ್ನ ಫೋನ್ ನಂಬರ್.

ರಮ್ಯ: ಹಾಗಿದ್ದರೆ ಅದು ಮೈಕ್ರೋಸಾಫ್ಟ್ ಅಕೌಂಟ್. ಪೆನ್‌ಡ್ರೈವೂ ಬೇಡ, ಟೂಲೂ ಬೇಡ. ಫೋನಿನಲ್ಲಿ ಮೈಕ್ರೋಸಾಫ್ಟ್ ಸೈಟ್ ತೆರೆದು ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿ. ಲಿಂಕ್ ಯಾರಿಂದಲೂ ತಗೋಬೇಡಿ, ವಿಳಾಸ ನೀವೇ ಟೈಪ್ ಮಾಡಿ. ಹೊಸ ಪಾಸ್‌ವರ್ಡ್ ಇಟ್ಟ ಮೇಲೆ ಲ್ಯಾಪ್‌ಟಾಪನ್ನು ವೈಫೈಗೆ ಸೇರಿಸಿ ಲಾಗಿನ್ ಆಗಿ. ಫೈಲ್‌ಗಳು ಇದ್ದಲ್ಲೇ ಇರುತ್ತವೆ.

ಲಲಿತಾ ಅತ್ತೆ: ನನ್ನದರಲ್ಲಿ ಇಮೇಲ್ ಹಾಕಿಲ್ಲ. ನಾನು ಮರೆತರೆ?

ರಮ್ಯ: ನಿಮ್ಮದು ಲೋಕಲ್ ಅಕೌಂಟ್ ಅತ್ತೆ. ಸೆಟಪ್ ಮಾಡುವಾಗ ಮೂರು ಭದ್ರತಾ ಪ್ರಶ್ನೆ ಕೇಳಿದ್ದರೆ ಆ ಉತ್ತರಗಳಿಂದ ತೆರೆಯಬಹುದು. 2018ರಿಂದ ವಿಂಡೋಸ್ 10ರಲ್ಲಿ ಈ ಸೌಲಭ್ಯ ಇದೆ. ಅದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಅಡ್ಮಿನ್ ಅಕೌಂಟ್ ಇದ್ದರೆ ಅಲ್ಲಿಂದಲೂ ಬದಲಿಸಬಹುದು. ಎರಡೂ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಹೇಳೋದು ಎಲ್ಲ ಅಳಿಸಿ ರೀಸೆಟ್ ಮಾಡಿ ಅಂತಲೇ. ಅದಕ್ಕೇ ಇವತ್ತೇ ಬ್ಯಾಕಪ್ ತಗೊಳ್ಳಿ, ನಾಳೆ ಅನ್ನಬೇಡಿ.

ಕಿರಣ: ಅಪ್ಪ, ಓಟಿಪಿ ಬಂತು. ನಿಮಗೆ ಫೋನ್ ಮಾಡಿ ಹೇಳುತ್ತೇನೆ, ಗುಂಪಿನಲ್ಲಿ ಹಾಕಲ್ಲ.

ದೊಡ್ಡಪ್ಪ: ತೆರೆಯಿತು! ಅಮ್ಮನ ಫೋಟೋಗಳು ಎಲ್ಲ ಇವೆ.

ರಮ್ಯ: ಅಬ್ಬಾ, ತುಂಬ ಸಂತೋಷ ದೊಡ್ಡಪ್ಪ. ಅದೇ ಅಕೌಂಟ್ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಹತ್ತಿರ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ರಿಕವರಿ ಕೀ ಇದೆಯಾ ನೋಡಿ.

ದೊಡ್ಡಪ್ಪ: ಇದೆ. ಎರಡು ಕಾಣಿಸುತ್ತಿವೆ. ಯಾವುದು ಬರೆದುಕೊಳ್ಳಲಿ?

ರಮ್ಯ: ಎರಡನ್ನೂ ಬರೆದುಕೊಳ್ಳಿ, ಪಕ್ಕದಲ್ಲಿರುವ ಕೀ ಐಡಿ ಸಮೇತ. ಮುಂದೆ ಲ್ಯಾಪ್‌ಟಾಪ್ ಕೀ ಕೇಳಿದರೆ ಪರದೆಯಲ್ಲೂ ಐಡಿ ತೋರಿಸುತ್ತದೆ. ಮೊದಲ 8 ಅಕ್ಷರ ಯಾವುದಕ್ಕೆ ಹೊಂದುತ್ತದೋ ಆ ಕೀ ಹಾಕಬೇಕು. ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.

ಶೇಖರ ಮಾವ: ಲಿಂಕ್ ಅಳಿಸಿದ್ದೇನೆ. ಆದರೆ ಹಳೇ ಡೆಸ್ಕ್‌ಟಾಪ್ ವಿಷಯದಲ್ಲಿ ನಾನು ಹೇಳಿದ್ದು ಸರಿ, ಅಲ್ವಾ?

ರಮ್ಯ: ಸರಿ ಮಾವ. ಅದರಲ್ಲಿ ಎನ್‌ಕ್ರಿಪ್ಷನ್ ಇರಲಿಲ್ಲ, ಅದಕ್ಕೇ ತೆರೆಯಿತು.