ಸಿಸ್ಟಮ್() 32512 ಕೊಡುತ್ತಿದೆ, ಕ್ರಾನ್‌ನಲ್ಲಿ ಮಾತ್ರ ಸ್ಕ್ರಿಪ್ಟ್ ಓಡುತ್ತಿಲ್ಲ

ಪ್ರಶ್ನೆ

ಉಬುಂಟುನಲ್ಲಿ ಒಂದು ಸಿ ಪ್ರೋಗ್ರಾಮ್ ಇದೆ. ರಾತ್ರಿ ಲೆಕ್ಕ ಮುಗಿದ ಮೇಲೆ ಸಿಸ್ಟಮ್() ಕರೆದು ಪಕ್ಕದಲ್ಲೇ ಇರುವ ಬ್ಯಾಕಪ್ ಸ್ಕ್ರಿಪ್ಟನ್ನು "./" ಹಾಕಿ ಓಡಿಸುತ್ತದೆ. ಟರ್ಮಿನಲ್‌ನಲ್ಲಿ ನಾನೇ ಓಡಿಸಿದರೆ ಏನೂ ತೊಂದರೆ ಇಲ್ಲ. ಕ್ರಾನ್‌ಗೆ (ನಿಗದಿತ ಸಮಯಕ್ಕೆ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಹಾಕಿದ ಮೇಲೆ ಮೂರು ದಿನದಿಂದ ಬ್ಯಾಕಪ್ಪೇ ಆಗಿಲ್ಲ. ವಾಪಸ್ ಬಂದ ಸಂಖ್ಯೆಯನ್ನು ಲಾಗ್‌ಗೆ ಬರೆಸಿ ನೋಡಿದೆ, 32512 ಅಂತಿದೆ. ಇದೇನು ಲೆಕ್ಕ? ಪರ್ಮಿಷನ್ 755 ಇದೆ (ಅಂದರೆ ಎಲ್ಲರೂ ಓಡಿಸಬಹುದು), ಎರಡು ಸಲ ನೋಡಿದ್ದೇನೆ.

ಉತ್ತರ 1

32512ನ್ನು 256ರಿಂದ ಭಾಗಿಸಿ, 127 ಬರುತ್ತದೆ. ಸಿಸ್ಟಮ್() ಕೊಡುವುದು ನೇರವಾಗಿ ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ) ಅಲ್ಲ, ಮಗು ಪ್ರೊಸೆಸ್ ಮುಗಿಯಲು ಕಾಯುವ ವೇಟ್‌ಪಿಡ್() ಕೊಡುವಂಥದ್ದೇ ಸ್ಟೇಟಸ್. ಅದರೊಳಗಿಂದ ಕೋಡ್ ತೆಗೆಯಲು ಡಬ್ಲ್ಯುಎಕ್ಸಿಟ್‌ಸ್ಟೇಟಸ್ ಮ್ಯಾಕ್ರೊ ಬಳಸಿ.

127 ಅಂದರೆ ಶೆಲ್‌ಗೆ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಕಮಾಂಡೇ ಸಿಗಲಿಲ್ಲ. ಪರ್ಮಿಷನ್ ತಪ್ಪಿದ್ದರೆ 126 ಬರುತ್ತಿತ್ತು, ಹಾಗಾಗಿ ಅದನ್ನು ಬಿಡಿ. ಕ್ರಾನ್ ಕೆಲಸ ಶುರು ಮಾಡುವುದು ನಿಮ್ಮ ಹೋಮ್ ಡೈರೆಕ್ಟರಿಯಿಂದ, ಅಲ್ಲಿ ನಿಮ್ಮ ಸ್ಕ್ರಿಪ್ಟ್ ಇಲ್ಲ ಅಲ್ವಾ? ಪೂರ್ತಿ ಪಾತ್ ಕೊಡಿ, ಇಲ್ಲವೇ ಮೊದಲು ಸಿಎಚ್‌ಡಿಐಆರ್() ಕರೆದು ಸ್ಕ್ರಿಪ್ಟ್ ಇರುವ ಡೈರೆಕ್ಟರಿಗೆ ಹೋಗಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಸ್ಕ್ರಿಪ್ಟಿನ ಕೊನೆಯ ಕಮಾಂಡ್ ಸಿಗದಿದ್ದರೂ ಇದೇ 127 ಬರುತ್ತದೆ, ಕ್ರಾನ್ ಕೊಡುವ ಪಾತ್ (ಶೆಲ್ ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಬಹಳ ಚಿಕ್ಕದು. ಕಮಾಂಡಿನ ಕೊನೆಗೆ ">" ಹಾಕಿ ಒಂದು ಲಾಗ್ ಫೈಲ್ ಹೆಸರು ಕೊಟ್ಟು, ಆಮೇಲೆ "2>&1" ಹಾಕಿ (ದೋಷದ ಸಂದೇಶಗಳೂ ಅದೇ ಫೈಲಿಗೆ ಹೋಗುತ್ತವೆ), ಯಾವುದು ಸಿಗಲಿಲ್ಲ ಅಂತ ಅದೇ ಹೇಳುತ್ತದೆ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ "#!" ಮತ್ತು ಬ್ಯಾಶ್ ಪಾತ್ ಇದೆಯಾ? ಉಬುಂಟುನಲ್ಲಿ ಸಿಸ್ಟಮ್() ಕರೆಯುವ ಶೆಲ್ 2006ರಿಂದಲೂ ಡ್ಯಾಶ್, ಬ್ಯಾಶ್ ಅಲ್ಲ. ಆ ಸಾಲು ಇಲ್ಲದಿದ್ದರೆ ಸ್ಕ್ರಿಪ್ಟನ್ನೂ ಡ್ಯಾಶೇ ಓದುತ್ತದೆ, ಡ್ಯಾಶ್‌ಗೆ ಗೊತ್ತಿಲ್ಲದ ಬ್ಯಾಶ್ ಅರೇ ಬಳಸಿದ್ದರೆ ಅಲ್ಲೇ ನಿಂತುಹೋಗುತ್ತದೆ.

ಕೇಳಿದವರು

ಪೂರ್ತಿ ಪಾತ್ ಹಾಕಿದೆ, ನಿನ್ನೆ ರಾತ್ರಿ ಬ್ಯಾಕಪ್ ಆಯಿತು. ತುಂಬಾ ಥ್ಯಾಂಕ್ಸ್! ಇನ್ನೊಂದು ಕೇಳಬೇಕು. ಬಳಕೆದಾರರು ಕೊಡುವ ಫೈಲ್ ಹೆಸರನ್ನೂ ಸ್ಕ್ರಿಪ್ಟಿಗೆ ಕಳಿಸಬೇಕು. ಸ್ಪ್ರಿಂಟ್‌ಎಫ್() ಬಳಸಿ ಕಮಾಂಡಿಗೆ ಸೇರಿಸಿದರೆ ಸಾಕಾ?

ಉತ್ತರ 1

ದಯವಿಟ್ಟು ಹಾಗೆ ಮಾಡಬೇಡಿ. ಹೆಸರಿನಲ್ಲಿ ಸುಮ್ನೆ ಒಂದು ಸ್ಪೇಸ್ ಇದ್ದರೂ ಶೆಲ್ ಅದನ್ನು ಎರಡು ತುಂಡು ಮಾಡುತ್ತದೆ, ";" ಹಾಕಿ ಯಾರಾದರೂ ಇನ್ನೊಂದು ಕಮಾಂಡ್ ಬರೆದರೆ ಅದೂ ನಿಮ್ಮ ಹೆಸರಿನಲ್ಲೇ ಓಡುತ್ತದೆ. ಫೋರ್ಕ್() ಮಾಡಿ (ಪ್ರೋಗ್ರಾಮಿನ ಇನ್ನೊಂದು ಪ್ರತಿ, ಅಂದರೆ ಮಗು ಪ್ರೊಸೆಸ್, ಶುರುವಾಗುತ್ತದೆ), ಮಗು ಪ್ರೊಸೆಸ್‌ನಲ್ಲಿ ಅದರ ಜಾಗದಲ್ಲಿ ಸ್ಕ್ರಿಪ್ಟನ್ನು ಓಡಿಸುವ ಎಕ್ಸೆಕ್‌ಎಲ್() ಕರೆದು ಫೈಲ್ ಹೆಸರನ್ನು ಬೇರೆಯೇ ಆರ್ಗ್ಯುಮೆಂಟ್ ಆಗಿ ಕೊಡಿ. ತಾಯಿ ಪ್ರೊಸೆಸ್ ವೇಟ್‌ಪಿಡ್() ಕರೆದು ಕಾಯಲಿ. ಹೀಗೆ ಮಾಡಿದರೆ ಆ ಹೆಸರನ್ನು ಒಡೆದು ನೋಡಲು ನಡುವೆ ಶೆಲ್ ಇರುವುದಿಲ್ಲ. ಸ್ಕ್ರಿಪ್ಟಿನ ಒಳಗೂ ಆ ಹೆಸರು ಸಿಗುವ "$1" ಸುತ್ತ ಕೋಟ್ಸ್ ಇರಲಿ.

ಎಕ್ಸೆಕ್‌ಎಲ್() ಆದ ಮುಂದಿನ ಸಾಲಿನಲ್ಲೇ _ಎಕ್ಸಿಟ್(127) ಬರೆಯುವುದನ್ನು ಮರೆಯಬೇಡಿ. ಸ್ಕ್ರಿಪ್ಟ್ ಶುರುವಾಗದಿದ್ದರೆ ಮಗು ಪ್ರೊಸೆಸ್ ಕೆಳಗಿನ ಕೋಡಿಗೇ ಇಳಿಯುತ್ತದೆ, ಆಗ ನಿಮ್ಮ ಪ್ರೋಗ್ರಾಮ್ ಎರಡೆರಡು ಓಡುತ್ತಿರುತ್ತದೆ.