ಅತ್ತೆಯನ್ನು ನೋಡಿಕೊಳ್ಳುವ ಟೆನ್ಷನ್‌ಗೂ ವಾಸಿಯಾಗದ ಗಾಯಕ್ಕೂ ಸಂಬಂಧ ಇರುತ್ತಾ?

ತುಮಕೂರಿನ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 78 ವರ್ಷ, ಮೂರು ವರ್ಷದಿಂದ ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ. ಬೆಳಿಗ್ಗೆ ಹೇಗೋ ಇರುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ‘ನಮ್ಮನೆಗೆ ಹೋಗ್ಬೇಕು, ಅಪ್ಪ ಕಾಯ್ತಿರ್ತಾರೆ’ ಅಂತ ಚೀಲ ಹಿಡಿದು ಬಾಗಿಲ ಹತ್ತಿರ ನಿಂತುಬಿಡುತ್ತಾರೆ. ರಾತ್ರಿ ಎರಡು ಮೂರು ಸಲ ಏಳುತ್ತಾರೆ, ಅವರು ಎದ್ದರೆ ನಾನೂ ಏಳಲೇಬೇಕು.

ಐದು ವಾರದ ಹಿಂದೆ ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡೆ. ದೊಡ್ಡ ಗಾಯವೇನಲ್ಲ, ಆದರೆ ಇನ್ನೂ ಪೂರ್ತಿ ವಾಸಿಯಾಗಿಲ್ಲ. ಶುಗರ್ ಟೆಸ್ಟ್ ಮಾಡಿಸಿದೆ, ನಾರ್ಮಲ್. ಡಾಕ್ಟರು ಮನೆಯ ವಿಷಯ ಕೇಳಿ ‘ಟೆನ್ಷನ್ ಜಾಸ್ತಿ ಇದ್ರೂ ಹೀಗಾಗುತ್ತೆ ಅಮ್ಮ’ ಅಂದರು. ನಾದಿನಿಗೆ ಫೋನಿನಲ್ಲಿ ಹೇಳಿದರೆ ‘ಎಲ್ಲಾ ಮನಸ್ಸಿನಲ್ಲಿರೋದು ಅತ್ತಿಗೆ, ಧ್ಯಾನ ಮಾಡಿ’ ಅಂದಳು. ಮನಸ್ಸಿನ ಚಿಂತೆ ಬೆರಳಿನ ತನಕ ಹೋಗುತ್ತಾ? ಅತ್ತೆ ಮೇಲೆ ನನಗೆ ಬೇಸರ ಇಲ್ಲ, ಹೋಳಿಗೆ ತಟ್ಟೋದು ಕಲಿಸಿದ್ದೇ ಅವರು. ಆದರೆ ಮೊನ್ನೆ ಅವರ ಮೇಲೆ ಜೋರಾಗಿ ಕೂಗಿಬಿಟ್ಟೆ. ಅವರು ಹೆದರಿ ಮೂಲೆಗೆ ಸರಿದದ್ದು ಕಣ್ಣಿಂದ ಹೋಗ್ತಾನೇ ಇಲ್ಲ.

ಸೈಕಾಲಜಿ ಮೇಷ್ಟ್ರು:
ಹೋಗುತ್ತೆ ತಾಯಿ. ನಿಮ್ಮಂಥವರನ್ನೇ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅನ್ನುವವರ ತಂಡ 1995ರಲ್ಲಿ ಅದನ್ನು ಪ್ರಕಟಿಸಿತು. ಡಿಮೆನ್ಷಿಯಾ ಬಂದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು ಒಂದು ಕಡೆ, ಹೆಚ್ಚು ಕಡಿಮೆ ಅದೇ ವಯಸ್ಸಿನ, ಆ ಹೊಣೆ ಇಲ್ಲದ 13 ಜನ ಇನ್ನೊಂದು ಕಡೆ. ಎಲ್ಲರ ಕೈಗೂ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಎಷ್ಟು ದಿನಕ್ಕೆ ಮಾಯುತ್ತೆ ಅಂತ ನೋಡಿದರು. ಹೊಣೆ ಇಲ್ಲದವರಿಗೆ ಸುಮಾರು 39 ದಿನ ಹಿಡಿಯಿತು. ನೋಡಿಕೊಳ್ಳುವವರಿಗೆ ಒಂಬತ್ತು ದಿನ ಜಾಸ್ತಿ.

ಕಾರಣಗಳಲ್ಲಿ ಒಂದು ಕಾರ್ಟಿಸಾಲ್. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನ್ ಅದು. ಸ್ವಲ್ಪ ಹೊತ್ತಿನ ಗಾಬರಿಗೆ ಅದು ಬೇಕು, ಮೈಗೆ ಶಕ್ತಿ ಒದಗಿಸುತ್ತೆ. ಆದರೆ ಗಾಯ ಆದಾಗ ಸುತ್ತ ಕೆಂಪಾಗಿ ಊದಿಕೊಳ್ಳುತ್ತಲ್ವಾ, ಅದು ರಿಪೇರಿ ಶುರುವಾದ ಗುರುತು, ಒತ್ತಡ ತಿಂಗಳುಗಟ್ಟಲೆ ನಿಂತರೆ ಕಾರ್ಟಿಸಾಲ್ ಆ ಕೆಲಸವನ್ನೇ ತಗ್ಗಿಸುತ್ತೆ. ನಿದ್ದೆ ಕೆಟ್ಟರೆ ಇನ್ನೂ ಕಷ್ಟ. ‘ಎಲ್ಲಾ ಮನಸ್ಸಿನಲ್ಲಿರೋದು’ ಅನ್ನುವ ಮಾತು ತಪ್ಪು, ಅದು ನಿಮ್ಮ ರಕ್ತದಲ್ಲೂ ಇದೆ.

ನಿವೃತ್ತ ನರ್ಸ್, ಹಾಸನ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಬೇಡಿ. ಆ ಪರೀಕ್ಷೆಯಲ್ಲಿ ಚರ್ಮದ ಚೂರನ್ನೇ ತೆಗೆದಿದ್ದರು, ಈಳಿಗೆಮಣೆಯ ಸಣ್ಣ ಕುಯ್ತಕ್ಕೆ ಐದು ವಾರ ಜಾಸ್ತಿಯೇ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿದ್ದೀರಾ? ಪಾತ್ರೆ, ಬಟ್ಟೆ, ಅತ್ತೆಯವರ ಹಾಸಿಗೆ ಒಗೆಯೋದು ಅಂತ ದಿನವಿಡೀ ಕೈ ನೀರಲ್ಲೇ ಇದ್ದರೆ ಹೆಬ್ಬೆರಳು ಒಣಗೋದು ಯಾವಾಗ? ಗ್ಲೌಸ್ ಹಾಕಿಕೊಳ್ಳಿ. ಇನ್ನೊಂದು ಸಲ ಡಾಕ್ಟರಿಗೆ ತೋರಿಸಿ, ಕೀವು ಬಂದರೆ ಅಥವಾ ಕೆಂಪು ಹರಡಿದರೆ ಅವತ್ತೇ ಹೋಗಿ.

ಶಿವಮೊಗ್ಗದವನು:
ಅಕ್ಕಾ, ನಮ್ಮಪ್ಪನನ್ನು ನಾಲ್ಕು ವರ್ಷ ನೋಡಿಕೊಂಡೆ, ಕೂಗಿದ್ದೂ ಇದೆ, ಆಮೇಲೆ ಕಾಲು ಮುಟ್ಟಿ ಅತ್ತಿದ್ದೂ ಇದೆ. ಧ್ಯಾನ ಮಾಡಿ ಅಂದವರನ್ನು ಕೇಳಿ, ಆ ಅರ್ಧ ಗಂಟೆ ಅಮ್ಮನ ಹತ್ತಿರ ಯಾರು ಕೂರುತ್ತಾರೆ ಅಂತ. ಅಪ್ಪನ ಮರೆವು ನನ್ನ ಕೈಯಲ್ಲಿರಲಿಲ್ಲ, ಆದರೆ ವಾರದಲ್ಲಿ ಯಾವ ರಾತ್ರಿ ನಾನು ಮಲಗಬಹುದು ಅನ್ನೋದು ಇತ್ತು, ಅದು ಹೊಳೆಯೋಕೆ ನನಗೆ ಎರಡು ವರ್ಷ ಬೇಕಾಯಿತು. ‘ಸ್ವಲ್ಪ ಸಹಾಯ ಮಾಡಿ’ ಅಂದಾಗೆಲ್ಲ ತಮ್ಮ, ತಂಗಿ ಇಬ್ಬರೂ ಹೂಂ ಅಂತ ಸುಮ್ಮನಾಗುತ್ತಿದ್ದರು. ‘ಶನಿವಾರ ರಾತ್ರಿ 9ರಿಂದ ಬೆಳಿಗ್ಗೆ 6 ನೀನು’ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ ಮೇಲೆ ತಮ್ಮ ಬಂದ.

ಸಂಜೆಯ ಗಲಾಟೆಗೆ ನಾನು ಮಾಡುತ್ತಿದ್ದದ್ದು ಇಷ್ಟು. ಕತ್ತಲಾಗುವ ಮೊದಲೇ ಎಲ್ಲಾ ಲೈಟು ಹಾಕುತ್ತಿದ್ದೆ. ‘ನಿಮ್ಮಪ್ಪ ಇಲ್ಲ’ ಅಂತ ವಾದ ಮಾಡೋದು ಬಿಟ್ಟೆ, ಪ್ರತಿ ಸಲ ಅವರಿಗೆ ಅದು ಹೊಸ ಸಾವು. ‘ಹೋಗೋಣ, ಕಾಫಿ ಕುಡಿದು ಹೋಗೋಣ’ ಅಂದರೆ ಎಷ್ಟೋ ದಿನ ಕಾಫಿಗೇ ಸಮಾಧಾನ ಆಗುತ್ತಿತ್ತು.

ಸೈಕಾಲಜಿ ಮೇಷ್ಟ್ರು:
ಇದನ್ನೇ ಲಾಜರಸ್ ಮತ್ತು ಫೋಕ್‌ಮನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1984ರಲ್ಲಿ ಬರೆದರು. ಬದಲಾಯಿಸಲು ಆಗುವ ಕಡೆ ಕೆಲಸ ಮಾಡಬೇಕು, ಆಗದ ಕಡೆ ನಮ್ಮ ಸಂಕಟವನ್ನು ಸಂಭಾಳಿಸಬೇಕು. ಕೂಗಬೇಕು ಅನ್ನಿಸಿದ ಗಳಿಗೆಯಲ್ಲಿ ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಬಿಡಿ, ಐದಾರು ಸಲ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತುಮಕೂರಿನ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಹಿಮೋಗ್ಲೋಬಿನ್ 9 ಬಂತು, ಮಾತ್ರೆ ಶುರು ಮಾಡಿದ್ದಾರೆ. ನಾದಿನಿಗೆ ಮೆಸೇಜಿನಲ್ಲಿ ದಿನ, ಹೊತ್ತು ಎರಡೂ ಬರೆದೆ. ರಾತ್ರಿ ಉಳಿಯೋಕೆ ಆಗಲ್ಲ, ಭಾನುವಾರ ಮಧ್ಯಾಹ್ನ ಬಂದು ಸಂಜೆ ತನಕ ಇರ್ತೀನಿ ಅಂದಳು. ನಾನು ಊಟ ಮಾಡಿ ನಾಲ್ಕು ಗಂಟೆ ಮಲಗುತ್ತೇನೆ. ಶಿವಮೊಗ್ಗದ ಅಣ್ಣಾ, ನಿನ್ನೆ ಕಾಫಿ ಕುಡಿದ ಮೇಲೂ ಚೀಲ ಬಿಡಲಿಲ್ಲ, ಬೀದಿಯ ಕೊನೆ ತನಕ ಕೈ ಹಿಡಿದು ಕರೆದುಕೊಂಡು ಹೋಗಿ ಬಂದೆ, ಬರುವಾಗ ‘ಇದೇ ನಮ್ಮನೆ ಅಲ್ವಾ’ ಅಂದರು.